ಹಿಮದೂರಿನ ಮನೆಗೆ ಕಾನ್ರಾಡ್ ಹಾಕಿದ ಬೀಗ

ಯಾರೂ ಕೇಳದಿದ್ದರೂ ಸಲಹೆ ಕೊಡುವವರಲ್ಲಿ ಕಾನ್ರಾಡ್ ರೆಬೆಲ್ಲೊ ಮೊದಲಿಗ. ಅಬುಧಾಬಿ ಸೀಮೆಯ ರುವೈಸಿನ ಕಂಪನಿ ಕಾಲನಿಯಲ್ಲಿ ಯಾರಾದರೂ ಹೊಸ ಕಾರು ತಂದರೆ, ಅದರ ಇಂಜಿನ್ ತಣ್ಣಗಾಗುವುದರೊಳಗೆ ಇವನು ಚಕ್ರಕ್ಕೊಂದು ಒದೆ ಕೊಟ್ಟು, "ನನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತಲ್ಲ ಮಾರಾಯ" ಎಂದು ಮುಖ ಸಪ್ಪೆ ಮಾಡುತ್ತಿದ್ದ. ಕಾರು ಕೊಂಡವನಿಗೆ ಆ ರಾತ್ರಿ ನಿದ್ದೆಯಿಲ್ಲ. ಇವನಿಗೆ ಮಾತ್ರ ಸುಖನಿದ್ದೆ.

ಅವನ ಉದ್ಯೋಗವೇ ಅವನನ್ನು ಹೀಗೆ ಮಾಡಿತ್ತು. ರಿಫೈನರಿಯ ಘಟಕಗಳನ್ನು ದುರಸ್ತಿಗೆಂದು ನಿಲ್ಲಿಸುವಾಗ ಯಾವ ವಾಲ್ವ್ ಮೊದಲು, ಯಾವ ಸ್ವಿಚ್ ಆಮೇಲೆ ಎಂದು ಹೇಳುವವನು ಅವನು. ಬಂದ್ ಮಾಡಿದ ಪ್ರತಿಯೊಂದಕ್ಕೂ ಬೀಗ ಜಡಿದು, ತನ್ನ ಹೆಸರು ಮತ್ತು ಫೋಟೋ ಇರುವ ಕೆಂಪು ಚೀಟಿ ನೇತುಹಾಕುತ್ತಿದ್ದ. ಬೀಗ ಹಾಕಿದವನೇ ಅದನ್ನು ತೆಗೆಯಬೇಕು. ಬೇರೆಯವರು ಮುಟ್ಟಿದರೆ ಖಲಾಸ್, ಮರುದಿನ ಊರಿನ ವಿಮಾನ. ಇಪ್ಪತ್ತಾರು ವರ್ಷ ಹೀಗೆ ಬೀಗ ಹಾಕಿ ಹಾಕಿ, ಜಗತ್ತಿನಲ್ಲಿ ತಾನು ನಿಲ್ಲಿಸಲಾಗದ್ದು ಯಾವುದೂ ಇಲ್ಲ ಎಂಬ ಧೈರ್ಯ ಅವನಿಗೆ ಬಂದಿತ್ತು.

ಆ ಧೈರ್ಯ ಮನೆಗೂ ಬಂತು. ಪ್ರತಿ ಜುಲೈಯಲ್ಲಿ ರಜೆಗೆ ಮಂಗಳೂರಿಗೆ ಹೊರಡುವಾಗ ಹೆಂಡತಿ ಜೂಡಿತ್ ಸೂಟ್‌ಕೇಸುಗಳ ಜೊತೆ ಟ್ಯಾಕ್ಸಿಯ ಪಕ್ಕ ಬೆವರುತ್ತ ನಿಂತಿರಬೇಕು. ಒಳಗೆ ಕಾನ್ರಾಡ್ ಗ್ಯಾಸ್, ನೀರು, ಗೀಸರ್ ಎಲ್ಲ ಮುಚ್ಚಿ ಕೊನೆಗೆ ಮೇನ್ ಸ್ವಿಚ್ ಕೆಳಗೆ ಎಳೆಯುತ್ತಿದ್ದ. ಗಲ್ಫಿನಲ್ಲಿರುವ ಎಲ್ಲರೂ ಮಾಡುವ ಕೆಲಸವೇ ಇದು. ಅವನು ಅದನ್ನು ಪೂಜೆ ಪ್ರಾರ್ಥನೆಯ ಶ್ರದ್ಧೆಯಿಂದ ಮಾಡುತ್ತಿದ್ದ, ಅಷ್ಟೆ.

ಈಗ ಕಂಪನಿಯೇ ಅವನನ್ನು ನಿಲ್ಲಿಸಲು ಹೊರಟಿತ್ತು. ಬರುವ ವರ್ಷದ ಏಪ್ರಿಲ್ ಮೂವತ್ತಕ್ಕೆ ಕಾಂಟ್ರ್ಯಾಕ್ಟ್ ಮುಗಿಯುತ್ತದೆ, ಅದೇ ದಿನ ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ಅವನಿಗಿಂತ ಹೆಚ್ಚು ಈ ತಾರೀಕು ಕಾಡಿದ್ದು ಜೂಡಿತ್‌ಳನ್ನು. ಕಂಪನಿಯ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಲೂ ಅರ್ಜಿ ಹಾಕಬೇಕು, ಅರ್ಜಿ ಹಾಕಿದರೆ 'ಇಲ್ಲ' ಎಂದು ಉತ್ತರ ಬರುತ್ತದೆ. ಅವಳ ತಾಯಿ ಮದುವೆಗೆ ಕೊಟ್ಟ ಯೇಸುವಿನ ಪವಿತ್ರ ಹೃದಯದ ಪಟ ಇಪ್ಪತ್ತಾರು ವರ್ಷ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿಕೊಂಡೇ ಇತ್ತು. ಮೊಳೆ ಹೊಡೆಯಬಹುದಾದ ಒಂದು ಗೋಡೆ ಬೇಕು, ಅವಳು ಬದುಕಿನಿಂದ ಕೇಳಿದ್ದು ಅಷ್ಟೆ.

ಕೆನಡಾಕ್ಕೆ ಹೋಗಿ ನೆಲೆಸುವ ಕಾಗದ ಎರಡು ವರ್ಷದ ಹಿಂದೆಯೇ ಕೈಗೆ ಬಂದಿತ್ತು. ಟೊರೊಂಟೊದಲ್ಲಿ ಒಂದು ಬಚ್ಚಲುಮನೆಗೆ ಆಗುವ ದುಡ್ಡಿಗೆ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಹಳ್ಳಿಯಲ್ಲಿ ಎರಡಂತಸ್ತಿನ ಮನೆ, ಬಾವಿ, ಎರಡೂವರೆ ಎಕರೆ ಜಾಗ ಸಿಗುತ್ತದೆಂದು ಕಾನ್ರಾಡ್ ಕಂಪ್ಯೂಟರಿನಲ್ಲಿ ಕಂಡುಹಿಡಿದ. ಎಕರೆ ಎಂದರೆ ಜೂಡಿತ್‌ಗೆ ತಲೆಗೆ ಹೋಗಲಿಲ್ಲ. "ಇನ್ನೂರೈವತ್ತು ಸೆಂಟ್ಸ್" ಎಂದಾಗ ಅವಳು ಕುರ್ಚಿ ಹಿಡಿದುಕೊಂಡಳು. ಐದು ಸೆಂಟ್ಸ್ ಜಾಗಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿ ಬೆಳೆದವಳು ಅವಳು.

ಕಾನ್ರಾಡ್ ಸುಮ್ಮನೆ ಕೊಳ್ಳುವವನಲ್ಲ. ಏಜೆಂಟಿಗೆ ನಲವತ್ತೊಂದು ಪ್ರಶ್ನೆಗಳ ಪಟ್ಟಿ ಕಳಿಸಿದ. ಬಾವಿ ಬೇಸಿಗೆಯಲ್ಲಿ ಬತ್ತುತ್ತದೆಯೇ? ಮಧ್ಯಾಹ್ನದ ಬಿಸಿಲು ಯಾವ ಕೋಣೆಗೆ ಬೀಳುತ್ತದೆ? ಗಾಳಿ ಆಡುತ್ತದೆಯೇ? ಎ.ಸಿ. ಎಷ್ಟು ಟನ್ನಿನದು? ಚರ್ಚ್ ಎಷ್ಟು ದೂರ, ಬಂಗುಡೆ ಸಿಗುತ್ತದೆಯೇ? ಗೆದ್ದಲು ಉಂಟೇ? ಏಜೆಂಟ್ ಪಾಪ, ಗಾಳಿ ಧಾರಾಳವಾಗಿ ಆಡುತ್ತದೆ ಎಂದು ಪ್ರಾಮಾಣಿಕವಾಗಿಯೇ ಬರೆದ. ಚಳಿಗಾಲದ ಬಗ್ಗೆ ಪಟ್ಟಿಯಲ್ಲಿ ಒಂದೇ ಒಂದು ಪ್ರಶ್ನೆಯಿತ್ತು: ಹಿಮದ ಮೇಲೆ ಕಾರು ಜಾರುತ್ತದೆಯೇ?

ಹಿಮದ ವಿಷಯ ತನಗೆ ಗೊತ್ತು ಎಂಬುದು ಅವನ ನಂಬಿಕೆ. ದುಬೈಯ ಮಾಲಿನೊಳಗಿನ ಕೃತಕ ಹಿಮದಲ್ಲಿ ಬಾಡಿಗೆಯ ಕೋಟು ತೊಟ್ಟು ಎರಡು ತಾಸು ಕಳೆದು, ಹೊರಬಂದು ಕರಕ್ ಚಹಾ ಕುಡಿದು, "ಎಂತ ಇಲ್ಲ ಮಾರಾಯ್ತಿ, ಅಭ್ಯಾಸ ಆಗ್ತದೆ" ಎಂದು ಜೂಡಿತ್‌ಗೆ ತೀರ್ಪು ಕೊಟ್ಟಿದ್ದ.

ಆಗಸ್ಟ್‌ನಲ್ಲಿ ಇಬ್ಬರೂ ಹೋಗಿ ಮನೆ ಕೊಂಡು ಹತ್ತು ದಿನ ಇದ್ದು ಬಂದರು. ಹುಲ್ಲು ಹಸಿರಾಗಿತ್ತು, ಹವೆ ಹಿತವಾಗಿತ್ತು. ಮೊದಲನೆಯ ದಿನವೇ ಜೂಡಿತ್ ಸುತ್ತಿಗೆ ಕೇಳಿ ಪಡೆದು ಊಟದ ಕೋಣೆಯ ಗೋಡೆಗೆ ಮೊಳೆ ಹೊಡೆದಳು. ಮೂರು ಪೆಟ್ಟು. ಸೂಟ್‌ಕೇಸಿನಲ್ಲಿ ತಂದಿದ್ದ ಪಟ ತೂಗುಹಾಕಿ ಹಿಂದೆ ಸರಿದು ನೋಡಿದಳು, ಮತ್ತೆ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತಳು. ಅಳು ಕೇಳಿದರೂ ಕಾನ್ರಾಡ್ ಕೇಳದವನಂತೆ ಇದ್ದ. ಮೊಳೆ ಭದ್ರವಾಗಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದ.

ಹೊರಡುವ ದಿನ ಅವನು ತನ್ನ ಶ್ರದ್ಧೆಯ ಕೆಲಸ ಮಾಡಿದ. ಬಾವಿಯ ಪಂಪು ಬಂದ್, ಮನೆ ಬಿಸಿ ಮಾಡುವ ಬಾಯ್ಲರ್ ಬಂದ್, ಮೇನ್ ಸ್ವಿಚ್ ಬಂದ್. ಖಾಲಿ ಮನೆ, ಹಳೆಯ ವಯರಿಂಗು. ಬೆಂಕಿ ಬಿದ್ದರೆ ಯಾರಿದ್ದಾರೆ? ರುವೈಸಿನಿಂದಲೇ ತಂದಿದ್ದ ಬೀಗವನ್ನು ಸ್ವಿಚ್ಚಿಗೆ ಜಡಿದು ಕೆಂಪು ಚೀಟಿ ಕಟ್ಟಿದ. ಅರ್ಧ ಕಿಲೋಮೀಟರ್ ಆಚೆಯ ನೆರೆಮನೆಯ ಕ್ಯಾರಲ್ ಎಂಬ ಎಪ್ಪತ್ತರ ಹೆಂಗಸಿಗೆ ಮುಂಬಾಗಿಲ ಕೀಲಿಕೈ ಕೊಟ್ಟ. ಮೇನ್ ಸ್ವಿಚ್ಚಿನ ಬೀಗದ ಕೀಲಿಕೈ ತನ್ನ ಕೀಗೊಂಚಲಿಗೆ ಸೇರಿಸಿದ. ಕಾರಿನ ಹತ್ತಿರ ಕಾಯುತ್ತಿದ್ದ ಜೂಡಿತ್, "ಎಲ್ಲ ಬಂದ್ ಮಾಡ್ಬೇಕಂತ ಉಂಟಾ? ಆ ಅಜ್ಜಿ ಹತ್ರ ಒಂದು ಮಾತು ಕೇಳಿ" ಎಂದಳು. "ನನಗೆ ಶಟ್‌ಡೌನ್ ಕಲಿಸ್ಬೇಡ" ಎಂದ ಕಾನ್ರಾಡ್.

ನವೆಂಬರಿನಲ್ಲಿ ಕ್ಯಾರಲ್‌ಳ ಮೆಸೇಜ್ ಬಂತು: ನಿಮ್ಮ ಮನೆಯಲ್ಲಿ ಬೆಳಕೂ ಇಲ್ಲ ಬಿಸಿಯೂ ಇಲ್ಲ, ಬೇಕೆಂದೇ ಹಾಗೆ ಬಿಟ್ಟಿದ್ದೀರಾ? ಕಾನ್ರಾಡ್ ಹೆಬ್ಬೆರಳೆತ್ತಿದ ಚಿತ್ರದ ಜೊತೆಗೆ ಬರೆದ: ಎಲ್ಲವೂ ಕ್ರಮಬದ್ಧವಾಗಿ ಬಂದ್ ಆಗಿದೆ, ಸಂಪೂರ್ಣ ಸುರಕ್ಷಿತ, ನಾನು ಈ ಕ್ಷೇತ್ರದ ತಜ್ಞ. ಕ್ಯಾರಲ್ ಮತ್ತೆ ಕೇಳಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಸಂಜೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲಿನ ಹಾಲ್‌ನಲ್ಲಿ ಕರಾವಳಿ ಬಳಗದವರ ಕಾರ್ಯಕ್ರಮ. ವಿಷಯ: ಹಿಮದ ನಾಡಿನ ಹಳ್ಳಿಯಲ್ಲಿ ಮನೆ ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು. ಉಪನ್ಯಾಸ: ಶ್ರೀ ಕಾನ್ರಾಡ್ ರೆಬೆಲ್ಲೊ. ನೂರಿಪ್ಪತ್ತು ಜನ ಬಂದಿದ್ದರು. ವಿಷಯದ ಆಕರ್ಷಣೆಗೋ, ಆಮೇಲಿನ ನೀರುದೋಸೆ ಕೋಳಿಸುಕ್ಕದ ಆಕರ್ಷಣೆಗೋ ಎಂದು ತನಿಖೆ ಮಾಡುವುದು ಬೇಡ. ಬಳಗದ ಅಧ್ಯಕ್ಷ ಸರ್ವೋತ್ತಮ ಶಾಲು ಹೊದಿಸಿ, ಫೋಟೋಕ್ಕಾಗಿ ಮತ್ತೊಮ್ಮೆ ಹೊದಿಸಿದ.

ಕಾನ್ರಾಡ್ ನಲವತ್ತೊಂದು ಪ್ರಶ್ನೆಗಳನ್ನೂ ಪರದೆಯ ಮೇಲೆ ತೋರಿಸಿದ. ಗೆದ್ದಲಿನ ಪ್ರಶ್ನೆಗೆ ಮೆಚ್ಚುಗೆಯ ಗುಜುಗುಜು ಎದ್ದಿತು. ಗಂಟೆ ಐದಾಯಿತು, ಅಲ್ಲಿ ಬೆಳಗ್ಗೆ ಒಂಬತ್ತು. ಮೊದಲೇ ಗೊತ್ತುಮಾಡಿದಂತೆ ಕ್ಯಾರಲ್ ವೀಡಿಯೊ ಕಾಲ್‌ನಲ್ಲಿ ಬಂದಳು.

"ನೋಡಿ, ಈಗ ಲೈವ್ ಆಗಿ ನಮ್ಮ ಮನೆ," ಎಂದ ಕಾನ್ರಾಡ್.

ಪರದೆಯ ಮೇಲೆ ಬಾಗಿಲು ತೆರೆಯಿತು. ಮಹಡಿಯ ಮೆಟ್ಟಿಲಿನ ಮೇಲೆ ಮಂಜುಗಡ್ಡೆ ದಪ್ಪನಾಗಿ ಹರಡಿ ನಿಂತಿತ್ತು. ತೂಗುದೀಪದಿಂದ ಮಂಜುಗಡ್ಡೆಯ ಕೋಲುಗಳು ಇಳಿಬಿದ್ದಿದ್ದವು. ಕ್ಯಾರಲ್‌ಳ ಟಾರ್ಚಿನ ಬೆಳಕಿಗೆ ಎಲ್ಲವೂ ಹೊಳೆಯಿತು. ಗೋಡೆಯ ಬದಿಯ, ಬಾಯ್ಲರಿನ ಬಿಸಿನೀರು ಹರಿಯುವ ಕಬ್ಬಿಣದ ಹೀಟರುಗಳು ಬಿರಿದು ಬಾಯಿ ಬಿಟ್ಟಿದ್ದವು. ಕಕ್ಕಸಿನ ಪಿಂಗಾಣಿ ಎರಡು ಹೋಳು.

ಹಾಲ್‌ನಲ್ಲಿ ಭರ್ಜರಿ ಚಪ್ಪಾಳೆ.

"ವಾವ್!" ಎಂದು ಸಭೆಗೆ ಬಂದವರ ಮಕ್ಕಳು ಎದ್ದು ನಿಂತರು. "ಡ್ಯಾಡಿ, ಬೆಟರ್ ದ್ಯಾನ್ ದ ಮಾಲ್!"

"ಡೆಕೊರೇಶನ್ ಭಾರೀ ಲಾಯ್ಕ ಉಂಟು," ಎಂದ ಮುಂದಿನ ಸಾಲಿನ ಕ್ಲೈವ್. ದುಬೈಯ ಅಲ್ ಕೂಜ್‌ನಲ್ಲಿ ಎ.ಸಿ. ರಿಪೇರಿ ಅಂಗಡಿ ಇಟ್ಟವನು ಅವನು. ತಂಪಿನ ಬಗ್ಗೆ ಅವನ ಮಾತಿಗೆ ಅಲ್ಲಿ ಬೆಲೆಯಿತ್ತು.

ಕ್ಯಾರಲ್ ಮಾತ್ರ ಅಳುಮುಖ ಮಾಡಿದ್ದಳು. "ಕಾನ್ರಾಡ್, ನೀನು ಪೈಪಿನ ನೀರು ಬಸಿದಿದ್ದೀಯೆಂದೇ ನಾನು ತಿಳಿದಿದ್ದೆ. ಇಲ್ಲಿ ಮನೆ ಬಿಟ್ಟುಹೋಗುವಾಗ ಒಂದೋ ನೀರು ಬಸಿಯುತ್ತಾರೆ, ಇಲ್ಲವೇ ಬಾಯ್ಲರನ್ನು ಸಣ್ಣಗೆ ಉರಿಸಿಡುತ್ತಾರೆ. ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಉಬ್ಬಿ ಪೈಪು ಒಡೆಯುತ್ತದೆಂದು ಹಾಲುಹಲ್ಲಿನ ಮಗುವಿಗೂ ಗೊತ್ತು. ಮಧ್ಯೆ ನಾಲ್ಕು ದಿನ ಬಿಸಿಲು ಬಂದಿತ್ತು, ಒಡೆದದ್ದರಿಂದೆಲ್ಲ ನೀರು ಸೋರಿ ಮತ್ತೆ ಹೆಪ್ಪುಗಟ್ಟಿದೆ. ನಾನು ಕರೆಂಟ್ ಹಾಕೋಣವೆಂದು ನವೆಂಬರಿನಲ್ಲೇ ಬಂದಿದ್ದೆ." ಅವಳು ಕ್ಯಾಮೆರಾವನ್ನು ಮೇನ್ ಸ್ವಿಚ್ಚಿನತ್ತ ತಿರುಗಿಸಿದಳು. ಕೆಂಪು ಚೀಟಿಯಲ್ಲಿ ಕಾನ್ರಾಡ್ ನಗುತ್ತಿದ್ದ. ಫೋಟೋದ ಕೆಳಗೆ ಬರಹ: ಅಪಾಯ, ಮುಟ್ಟಬೇಡಿ, ಈ ಬೀಗವನ್ನು ನಾನು ಮಾತ್ರ ತೆರೆಯತಕ್ಕದ್ದು. "ತಜ್ಞ ಅಂತ ನೀನೇ ಬರೆದಿದ್ದೆಯಲ್ಲ. ನಾನು ಯಾರು, ಮುಟ್ಟಲು?"

ಚಪ್ಪಾಳೆ ತಟ್ಟಿದ ಕೈಗಳು ನಿಧಾನವಾಗಿ ಮಡಿಲಿಗೆ ಇಳಿದವು. ಸರ್ವೋತ್ತಮ ವೇದಿಕೆಯ ಮೇಲೆ ಬಾಗಿ ಪಿಸುಗುಟ್ಟಿದ, "ಡೆಮೊ ಅಂತ ಹೇಳಿ ಬಿಡಿ ಮಾರಾಯ್ರೆ. ಹೇಗೆ ಮಾಡ್ಬಾರ್ದು ಅಂತ ತೋರಿಸ್ಲಿಕ್ಕೆ ಅಂತ ಹೇಳಿ. ಮರ್ಯಾದೆ ಉಳೀತದೆ."

ಕಾನ್ರಾಡ್‌ನ ನಾಲಿಗೆಯ ತುದಿಗೆ ಆ ಮಾತು ಬಂದೂ ಆಗಿತ್ತು. ಮೈಕ್ ಬಾಯಿಯ ಹತ್ತಿರ ತಂದ. ಅಷ್ಟರಲ್ಲಿ ಕ್ಯಾರಲ್ ಊಟದ ಕೋಣೆಗೆ ಹೋಗಿದ್ದಳು. ಗೋಡೆಯ ಬಣ್ಣ ಹೊಪ್ಪಳೆದ್ದು ಉದುರಿತ್ತು. ಆ ಗೋಡೆಯ ನಡುವೆ ಜೂಡಿತ್ ಹೊಡೆದ ಮೊಳೆ, ಮೊಳೆಯಲ್ಲಿ ಪಟ. ಗಾಜಿನ ಮೇಲೆ ಹಿಮ ಕಟ್ಟಿ ಯೇಸುವಿನ ಮುಖ ಕಾಣುತ್ತಿರಲಿಲ್ಲ. ಕೈ ಮಾತ್ರ ಕಾಣುತ್ತಿತ್ತು.

ಅವನು ಮೂರನೇ ಸಾಲಿನಲ್ಲಿ ಕುಳಿತ ಹೆಂಡತಿಯನ್ನು ನೋಡಿದ. ಅವಳು ಅಳುತ್ತಿರಲಿಲ್ಲ. ಪರದೆಯನ್ನು ನೋಡುತ್ತಿದ್ದಳು, ಇಪ್ಪತ್ತಾರು ವರ್ಷ ಫ್ರಿಜ್ಜಿನ ಮೇಲೆ ನೋಡಿದ ಪಟವನ್ನೇ.

"ಇದು ಡೆಮೊ ಅಲ್ಲ," ಎಂದ ಕಾನ್ರಾಡ್. "ನಮ್ಮ ಮನೆ ಇದು. ಏಪ್ರಿಲ್ ಕಳೆದ ಮೇಲೆ ನಮಗೆ ಇರ್ಲಿಕ್ಕೆ ಬೇರೆ ಮನೆ ಇಲ್ಲ. ಮೇನ್ ಆಫ್ ಮಾಡಿದ್ದು ನಾನೇ. ಬೀಗ ಹಾಕಿದ್ದೂ ನಾನೇ. ಜೂಡಿತ್ ಆವತ್ತೇ ಕೇಳಿದ್ಳು, ನಾನು ಬಾಯಿ ಮುಚ್ಚಿಸಿದೆ."

ಆಗ ಕ್ಲೈವ್ ಕೈ ಎತ್ತಿದ.

"ಕಾನ್ರಾಡ್‌ಬಾಬ್, ಒಂದು ಪ್ರಶ್ನೆ," ಎಂದ ಸಂಕೋಚದಿಂದ. "ಸೆಂಟ್ಸಿಗೆ ಎಷ್ಟು ಬಿತ್ತು?"

ಹಾಲ್‌ನಲ್ಲಿ ಅರ್ಧಕ್ಕರ್ಧ ಜನ ಪೆನ್ನು ಹಿಡಿದು ಕಾಯುತ್ತಿದ್ದರು. ಕಾನ್ರಾಡ್ ಜೀವನದಲ್ಲಿ ಮೊದಲ ಬಾರಿಗೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ವೇದಿಕೆಯಿಂದ ಇಳಿದ.

ಜೂಡಿತ್ ಎದ್ದು ಬಂದು ಅವನ ಎದುರು ಅಂಗೈ ಚಾಚಿದಳು. ಅವನಿಗೆ ಅರ್ಥವಾಯಿತು. ಪ್ಯಾಂಟಿನ ಕಿಸೆಯಿಂದ ಕೀಗೊಂಚಲು ತೆಗೆದು, ಮೇನ್ ಸ್ವಿಚ್ಚಿನ ಬೀಗದ ಆ ಪುಟ್ಟ ಹಿತ್ತಾಳೆಯ ಕೀಲಿಕೈಯನ್ನು ಬಿಡಿಸಿದ. ಆರು ತಿಂಗಳು ಅದು ಅವನ ಮೈಯ ಬಿಸಿಯಲ್ಲೇ ಇತ್ತು. ಅವಳು ಅದನ್ನು ತನ್ನ ಪರ್ಸಿನೊಳಗೆ ಹಾಕಿ ಜಿಪ್ ಎಳೆದಳು.

ಪರದೆಯಲ್ಲಿ ಕ್ಯಾರಲ್ ಇನ್ನೂ ಪಟದ ಎದುರೇ ನಿಂತಿದ್ದಳು. ಜೂಡಿತ್ ಮೈಕ್ ಹತ್ತಿರ ಹೋಗಿ, ತನಗೆ ಬರುವ ಇಂಗ್ಲಿಷಿನಲ್ಲಿ, ಬೀಗ ಒಡೆದು ಹಾಕಿ, ಪ್ಲಂಬರನ್ನು ಕರೆಸಿ, ಮುಂದಿನ ವಾರ ನಾನು ಬರುತ್ತೇನೆ ಎಂದಳು. "ಒಡೆಯಬಹುದಾ?" ಎಂದು ಕ್ಯಾರಲ್ ಅನುಮಾನಿಸಿದಳು. "ಆ ಚೀಟಿಯಲ್ಲಿ ಕಾನ್ರಾಡ್ ಮಾತ್ರ ಅಂತ..."

"ಒಡೀರಿ," ಎಂದಳು ಜೂಡಿತ್. "ಆ ಗೋಡೆಯ ಮೊಳೆ ನಂದು."