ಗ್ಯಾಲರಿ ನಡೆಸುವವರು

ಹೆಣದ ಕೋಟಿನ ಒಳಜೇಬಿಗೆ ಚಿಕ್ಕಪ್ಪ ಕೈ ಹಾಕಿದಾಗ ಮಗಳು ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವನು ಮೊದಲು ಎಡಗಡೆ ತಡಕಿದ, ಆಮೇಲೆ ಬಲಗಡೆ. ಪ್ಯಾಂಟಿನ ಜೇಬಿಗೆ ಕೈ ಇಳಿಯದೆ ಹೆಣವನ್ನೇ ಕೊಂಚ ಮಗ್ಗುಲಿಗೆ ಹೊರಳಿಸಿದ. ಬೆಳಿಗ್ಗೆ ಪಕ್ಕದಂಗಡಿಯ ಕ್ಷೌರಿಕ ಒಪ್ಪವಾಗಿ ಬಾಚಿದ್ದ ತಲೆ ಗೋಡೆಯ ಕಡೆಗೆ ವಾಲಿತು.

"ಏನು ಹುಡುಕ್ತಿದೀಯ ಚಿಕ್ಕಪ್ಪ?"

ಅವನು ಬೆಚ್ಚಲಿಲ್ಲ. "ಸರಪಳಿ ಬೀಗದ ಕೀ ಕಣಮ್ಮ. ಅಣ್ಣನ ಜೊತೆ ಮಣ್ಣಿಗೆ ಹೋಗಿಬಿಟ್ರೆ ಕಷ್ಟ ಅಂತ."

"ಅದು ನನ್ನ ಹತ್ರ ಇದೆ."

"ಮೊದಲೇ ಹೇಳಬಾರದಾ? ಸುಮ್ಮನೆ ಅವನನ್ನ ಅಲುಗಾಡಿಸಿದ ಹಾಗಾಯ್ತು." ಅವನು ಕೈಯನ್ನು ಕರ್ಚೀಫಿಗೆ ಒರೆಸಿಕೊಂಡು, ಕರ್ಚೀಫನ್ನು ಮಡಿಸಿ, ಹೊರಗೆ ಬಂದವರನ್ನು ಮಾತಾಡಿಸಲು ಹೋದ.

ಅವಳು ಅಪ್ಪನ ತಲೆಯನ್ನು ನೇರ ಮಾಡಿದಳು. ಹೆಣದ ಪೆಟ್ಟಿಗೆಯನ್ನು ಇಟ್ಟಿದ್ದದ್ದು ಗುರಿ ಹೊಡೆಯುವ ಗ್ಯಾಲರಿಯ ಹಲಗೆಯ ಮೇಲೆ. ಹಿಂದಿನ ಎರಡು ಕೋಣೆಯ ಮನೆಯೊಳಗೆ ಅದು ತಿರುಗಲಿಲ್ಲ. ಅಷ್ಟು ಉದ್ದದ ಜಾಗವೆಂದರೆ ಗಿರಾಕಿಗಳು ಮೊಣಕೈ ಊರಿ ಗುರಿ ಹಿಡಿಯುವ ಈ ಹಲಗೆಯೊಂದೇ. ಎದುರಿಗೆ ಹತ್ತು ಮೀಟರು ದೂರದಲ್ಲಿ ಸರಪಳಿಗೆ ಸಿಕ್ಕಿಸಿದ ಹನ್ನೆರಡು ತಗಡಿನ ಬಾತುಗಳು. ಅವುಗಳ ಮೇಲೆ ಅವಳು ಹಾಸಿಗೆಯ ಚಾದರ ಹೊದಿಸಿದ್ದಳು. ಕೆಳಗಿನಿಂದ ಕೇಸರಿ ಕಾಲುಗಳು ಕಾಣುತ್ತಿದ್ದವು. ಪಕ್ಕದ ಗೋಡೆಯಲ್ಲಿ ಪಾಯಿಂಟ್ ಟೂ ಟೂ ಬೋರಿನ ಆರು ರೈಫಲ್‌ಗಳು. ಆರರ ಟ್ರಿಗರ್ ಸುತ್ತಲಿನ ಬಳೆಯೊಳಗಿನಿಂದಲೂ ಒಂದೇ ಸರಪಳಿ ಹಾದು ಬೀಗ ಬಿದ್ದಿತ್ತು.

ಹತ್ತೂವರೆಗೆ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ಬಂದರು. ಅವರು ತಂದ ಹೂವಿನ ಚಕ್ರ ಎಷ್ಟು ದೊಡ್ಡದಿತ್ತೆಂದರೆ ಕ್ಷೌರಿಕ ಬಾಗಿಲ ಇನ್ನೊಂದು ರೆಕ್ಕೆಯನ್ನೂ ತೆಗೆಯಬೇಕಾಯಿತು. ಅದರ ಪಟ್ಟಿಯ ಮೇಲೆ ಕ್ಲಬ್ಬಿನ ಹೆಸರಿತ್ತು. ಸತ್ತವನ ಹೆಸರಿರಲಿಲ್ಲ.

"ನಿಮ್ಮ ತಂದೆಯವರು ನಮ್ಮ ಕುಟುಂಬದವರೇ ಆಗಿದ್ರು," ಎಂದರು ಕಾರ್ಯದರ್ಶಿ.

"ಹೌದು ಸಾರ್," ಎಂದ ಕ್ಷೌರಿಕ, "ಹಿಂಬಾಗಿಲ ಕಡೆಯ ಕುಟುಂಬ."

ಕಾರ್ಯದರ್ಶಿಗೆ ಅದು ಕೇಳಿಸಲಿಲ್ಲ. ಅವರು ಪೆಟ್ಟಿಗೆಯ ಮುಂದೆ ತಲೆ ಬಾಗಿಸಿ ನಿಂತಿದ್ದರು. ಬಾಗಿದ ತಲೆಯಲ್ಲಿ ಕಣ್ಣು ಮಾತ್ರ ಗೋಡೆಯ ಕಡೆಗಿತ್ತು; ತುಟಿ ಸಣ್ಣಗೆ ಆಡುತ್ತಿತ್ತು. ಪ್ರಾರ್ಥನೆ ಇರಬಹುದೆಂದು ಮಗಳು ಅಂದುಕೊಂಡಳು. ಆಮೇಲೆ ಆ ತುಟಿ ಎಣಿಸುತ್ತಾ ಆರಕ್ಕೆ ನಿಂತಿತು.

*

ಸತ್ತವನು ಮೂವತ್ತೊಂದು ವರ್ಷ ಗ್ಯಾಲರಿ ನಡೆಸಿದ್ದ. ದಪ್ಪ ಗಾಜಿನ ಕನ್ನಡಕ. ತಾನೇ ಹೊಡೆದರೆ ಹನ್ನೆರಡರಲ್ಲಿ ನಾಲ್ಕು ಬಾತು ಬೀಳಿಸಿದರೆ ಹೆಚ್ಚು. ರಕ್ತ ಕಂಡರೆ ಆಗುತ್ತಿರಲಿಲ್ಲ. ಒಮ್ಮೆ ಸೂಜಿ ಚುಚ್ಚಿಸಿಕೊಳ್ಳಲು ಹೋಗಿ ಆಸ್ಪತ್ರೆಯ ಬೆಂಚಿನಿಂದ ಉರುಳಿಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದ. "ಬಂದೂಕಿನ ಯಜಮಾನ ನೋಡ್ರಪ್ಪ" ಎಂದು ಬೀದಿಯವರು ಒಂದು ವಾರ ನಕ್ಕಿದ್ದರು. ಅವನೂ ನಕ್ಕಿದ್ದ.

ಬರುವ ಗಿರಾಕಿಗೆಲ್ಲ ಅವನದು ಒಂದೇ ಮಾತು: "ಉಸಿರು ಅರ್ಧ ಬಿಡಿ, ನಿಲ್ಲಿಸಿ, ಆಮೇಲೆ ಎಳೀರಿ. ಅವಸರ ಇಲ್ಲ, ಬಾತು ಮತ್ತೆ ಬರುತ್ತೆ."

ಆದರೆ ರೈಫಲ್ ರಿಪೇರಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಕ್ಲಬ್ಬಿಗೆ ಹೋಗಿ ಅಡುಗೆಮನೆಯ ಪಕ್ಕದ ಶೆಡ್ಡಿನಲ್ಲಿ ಕೂತು ಸದಸ್ಯರ ರೈಫಲ್‌ಗಳ ನಳಿಕೆಯ ತುದಿಯ ಗುರಿಮಣಿ ಸರಿಪಡಿಸಿ ಬರುತ್ತಿದ್ದ. ಸದಸ್ಯನಾಗಲು ಮೂರು ಸಲ ಅರ್ಜಿ ಹಾಕಿದ್ದ. ಮೂರು ಸಲವೂ ಒಂದೇ ಉತ್ತರ: ಅಂಗಡಿ ನಡೆಸುವವರನ್ನು ಸೇರಿಸಿಕೊಳ್ಳುವ ಪದ್ಧತಿ ಇಲ್ಲ.

ಕಾನೂನು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿತ್ತು. ಸಣ್ಣ ಬೋರಿನ ರೈಫಲ್ ಮಾತ್ರ ಇದ್ದರೆ, ಅದು ಗುರಿ ಅಭ್ಯಾಸಕ್ಕಷ್ಟೇ ಆದರೆ, ಒಪ್ಪಿಗೆ ಪಡೆದ ಕ್ಲಬ್ಬಿನ ಸದಸ್ಯರಿಗೂ ಪರವಾನಗಿ ಬೇಡ, ಗುರಿ ಗ್ಯಾಲರಿ ನಡೆಸುವವರಿಗೂ ಬೇಡ. ಆ ಆದೇಶದ ಪ್ರತಿಗೆ ಅವನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಕ್ಲಬ್ಬಿನವರೂ ಹಾಕಿಸಿದ್ದರು, ಇನ್ನೂ ದೊಡ್ಡ ಕಟ್ಟಿನಲ್ಲಿ.

*

"ಈಗ ಇದನ್ನ ಹೇಳಬಾರದು," ಎಂದು ಕಾರ್ಯದರ್ಶಿ ಹೇಳಿಯೇಬಿಟ್ಟರು. ಮಗಳನ್ನು ಅಡುಗೆಮನೆಯ ಬಾಗಿಲಿಗೆ ಕರೆದಿದ್ದರು. ಚಿಕ್ಕಪ್ಪ ಹಿಂದೆಯೇ ಬಂದಿದ್ದ. "ವಿನಾಯ್ತಿ ಇದ್ದಿದ್ದು ಗ್ಯಾಲರಿ ನಡೆಸೋರಿಗೆ. ನಡೆಸೋರು ನಿನ್ನೆ ಬೆಳಿಗ್ಗೆ ಹೋದ್ರು. ನಿನ್ನೆ ಬೆಳಿಗ್ಗೆಯಿಂದ ನಿಮ್ಮನೇಲಿ ಪರವಾನಗಿ ಇಲ್ಲದ ಆರು ಆಯುಧ ಇದೆ. ಜೈಲಿನ ವಿಷಯಮ್ಮ."

"ಕಾನೂನು ಕಣಮ್ಮ," ಎಂದ ಚಿಕ್ಕಪ್ಪ.

"ಕ್ಲಬ್ಬಿನ ಛಾವಣಿ ಕೆಳಗೆ ಬಂದ್ರೆ ನಮ್ಮ ವಿನಾಯ್ತಿ ಅವಕ್ಕೂ ಸಲ್ಲುತ್ತೆ. ಸಂಜೆ ಆರಕ್ಕೆ ಕಾರು ಕಳಿಸ್ತೀನಿ. ಕಾಗದ ಪತ್ರ ಏನೂ ಬೇಡ."

ಕಾಗದ ಪತ್ರ ಬೇಡ ಎಂಬುದು ಅವಳ ಕಿವಿಯಲ್ಲಿ ನಿಂತಿತು. ಪರವಾನಗಿ ಇಲ್ಲದ ರೈಫಲ್‌ಗೆ ಯಾವ ಕಚೇರಿಯಲ್ಲೂ ನಂಬರು ದಾಖಲಾಗಿರುವುದಿಲ್ಲ. ಗೋಡೆಯ ಮೇಲಿನ ಆರೂ ಇವತ್ತು ಕಾರು ಹತ್ತಿದರೆ ನಾಳೆ ಅವು ಇದ್ದವೆಂದು ಹೇಳಲು ಯಾವ ಸಾಕ್ಷಿಯೂ ಇಲ್ಲ.

"ನಾನು ಹದಿನಾರು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದೀನಿ ಸಾರ್. ನನಗೆ ಬೇರೆ ಕೆಲಸ ಗೊತ್ತಿಲ್ಲ."

"ಹೆಣ್ಣುಮಗಳು ಬಂದೂಕು ಇಟ್ಕೊಂಡು ಏನು ಮಾಡ್ತೀಯ?" ಚಿಕ್ಕಪ್ಪ ಸಮಾಧಾನ ಮಾಡಲು ಅವಳ ಕಡೆಗೆ ಬಾಗಿದ. ಅಂಗಿಯ ಜೇಬಿನಿಂದ ಹಸಿರು ಕಾಗದವೊಂದರ ತುದಿ ಹೊರಬಂತು. ಕ್ಲಬ್ಬಿನ ಸದಸ್ಯತ್ವದ ಅರ್ಜಿ. ಅಪ್ಪ ಮೂರು ಸಲ ತುಂಬಿದ್ದನ್ನು ನೋಡಿದ್ದವಳಿಗೆ ಬಣ್ಣ ಸಾಕಿತ್ತು. ಕಂಡಷ್ಟು ತುದಿಯಲ್ಲೇ ಶಿಫಾರಸು ಮಾಡುವವರ ಜಾಗವಿತ್ತು; ಕಾರ್ಯದರ್ಶಿಯ ಸಹಿ ಆಗಲೇ ಬಿದ್ದಿತ್ತು.

ಅವಳು ಗೋಡೆ ಹಿಡಿದು ನಿಂತಳು.

"ಪಾಪ, ನಿನ್ನೆಯಿಂದ ಏನೂ ತಿಂದಿಲ್ಲ," ಎಂದ ಚಿಕ್ಕಪ್ಪ ಕಾರ್ಯದರ್ಶಿಗೆ.

*

ಆರು ವರ್ಷದ ಹಿಂದೆ ಕಸದ ಗುಡ್ಡೆಯ ಹತ್ತಿರ ನಾಯಿಗಳು ಸಾಯತೊಡಗಿದ್ದವು. ಒಂದು ಸಂಜೆ ಕಂದು ಬಣ್ಣದ ಹೆಣ್ಣುನಾಯಿ ಹಿಂಗಾಲು ಎಳೆದುಕೊಂಡು ಗ್ಯಾಲರಿಯ ಮೆಟ್ಟಿಲವರೆಗೆ ಬಂತು. ಕ್ಷೌರಿಕ ಅದರ ಬಾಯಿ ಅದುಮಿ ಹಿಡಿದ. ರಕ್ತ ಕಂಡರೆ ಬೀಳುವ ಅಪ್ಪ ಅವತ್ತು ಬೀಳಲಿಲ್ಲ. ಚಿಮಟ ಹಾಕಿ ಗುಂಡು ತೆಗೆದ. ನಾಯಿ ಮಾತ್ರ ಉಳಿಯಲಿಲ್ಲ.

ಗುಂಡಿಗೆ ತಾಮ್ರದ ಲೇಪ ಇತ್ತು. ಗ್ಯಾಲರಿಯದು ಬರೀ ಸೀಸ. ಊರಲ್ಲಿ ತಾಮ್ರದ ಗುಂಡು ತರಿಸುತ್ತಿದ್ದದ್ದು ಕ್ಲಬ್ ಒಂದೇ. ಸದಸ್ಯರು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಸದ ಗುಡ್ಡೆಗೆ ಹೋಗುತ್ತಿದ್ದರು. "ಓಡುವ ಗುರಿಯ ಅಭ್ಯಾಸ" ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದರು.

ಅಪ್ಪ ಗುಂಡನ್ನು ಕಾಗದದಲ್ಲಿ ಸುತ್ತಿ ಪರವಾನಗಿ ಕಚೇರಿಗೆ ಕೊಟ್ಟು ಬಂದ. ವಿಚಾರಣೆಗೆ ಬಂದ ಅಧಿಕಾರಿ ಕ್ಲಬ್ಬಿನಲ್ಲಿ ಊಟ ಮಾಡಿ, ಗ್ಯಾಲರಿಗೆ ಬೀಗ ಹಾಕಿಸಿ ಹೋದ. ಗಣ್ಯರು ನಾಯಿಗೆ ಗುಂಡು ಹೊಡೆಯುವುದುಂಟೇ? ಬೀಗ ತೆಗೆಯಲು ನಲವತ್ತೇಳು ದಿನ ಹಿಡಿಯಿತು.

ನಲವತ್ತೆಂಟನೆಯ ದಿನ ಭಾನುವಾರ. ಅಪ್ಪ ಸಲಕರಣೆಯ ಚೀಲ ತೆಗೆದುಕೊಂಡು ಕ್ಲಬ್ಬಿಗೆ ಹೊರಟ.

"ಅವರ ರೈಫಲ್ ಸರಿ ಮಾಡೋಕೆ ಹೋಗ್ತೀಯಾ? ನಾಚಿಕೆ ಆಗಲ್ವಾ ನಿನಗೆ?" ಎಂದಳು ಮಗಳು.

ಅವನು ಚಪ್ಪಲಿ ಮೆಟ್ಟುತ್ತಾ ತಲೆ ಎತ್ತದೆ ಹೇಳಿದ: "ಹೊಡೆಯೋದನ್ನ ಅವರಂತೂ ಬಿಡಲ್ಲ. ಗುರಿ ವಾರೆ ಇದ್ರೆ ನಾಯಿ ಅರ್ಧ ಸಾಯುತ್ತೆ. ನೀನೇ ನೋಡಿದ್ಯಲ್ಲ."

ಅವತ್ತು ಅವಳು ಅವನಿಗೆ ಊಟ ಬಡಿಸಲಿಲ್ಲ. ಅವನ ತಟ್ಟೆ ಮುಟ್ಟಲೂ ಅಸಹ್ಯವಾಗಿತ್ತು. ಅವನು ತಾನೇ ಬಡಿಸಿಕೊಂಡು, ಉಂಡು, ತಟ್ಟೆ ತೊಳೆದಿಟ್ಟ. ಆ ವಿಷಯ ಮತ್ತೆ ಇಬ್ಬರೂ ಎತ್ತಲಿಲ್ಲ.

*

ಪರವಾನಗಿ ಕಚೇರಿಯ ಗುಮಾಸ್ತರು ಹೊರಗೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಅವರನ್ನು ಕಾರ್ಯದರ್ಶಿಯೇ ಕಾರಿನಲ್ಲಿ ಕರೆತಂದಿದ್ದರು. ಮಗಳು ಗೋಡೆಯಿಂದ ಆದೇಶದ ಕಟ್ಟು ಕಳಚಿ ತಂದು ಅವರ ತೊಡೆಯ ಮೇಲಿಟ್ಟಳು.

"ಸಾರ್, ಇದರಲ್ಲಿ ನಮ್ಮಪ್ಪನ ಹೆಸರಿದೆಯಾ?"

ಗುಮಾಸ್ತರು ಕನ್ನಡಕ ಹಾಕಿಕೊಂಡರು. ತಮಗೆ ಬಾಯಿಪಾಠವಾಗಿದ್ದ ಆದೇಶವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಕಾರ್ಯದರ್ಶಿ ಕೆಮ್ಮಿದರು. ಗುಮಾಸ್ತರು ಮತ್ತೊಮ್ಮೆ ಓದಿದರು.

"ಇಲ್ಲ. ಯಾರ ಹೆಸರೂ ಇಲ್ಲ. ಯಾರು ನಡೆಸ್ತಾರೋ ಅವರಿಗೆ."

"ನಾನು ನಡೆಸಿದ್ರೆ?"

"ನಿಮಗೆ." ಅವರು ಚಹಾದ ಲೋಟ ಕೆಳಗಿಟ್ಟರು. "ಆದರೆ ನಡೀತಾ ಇರಬೇಕು. ನಿಂತುಹೋದ ಗ್ಯಾಲರಿಗೆ ವಿನಾಯ್ತಿ ಇಲ್ಲ, ರೈಫಲ್ ಒಪ್ಪಿಸಬೇಕು."

"ಎರಡು ದಿನದಿಂದ ಬಾಗಿಲು ಹಾಕಿದೆ. ನಿಂತಿದೆ ಅಂತಲೇ ಅಲ್ವೇ?" ಎಂದರು ಕಾರ್ಯದರ್ಶಿ.

"ಎಷ್ಟು ದಿನ ಹಾಕಿದ್ರೆ ನಿಂತ ಹಾಗೆ ಅಂತ ಬರೆದಿಲ್ಲ ಸಾರ್. ನಿಂತಿದೆ ಅಂತ ನೀವು ದೂರು ಕೊಟ್ಟಿದೀರಿ. ಸಂಜೆ ಆರಕ್ಕೆ ನಾನು ವರದಿ ಬರೀಬೇಕು. ಕಣ್ಣಾರೆ ಕಂಡಿದ್ದನ್ನ ಬರೀತೀನಿ." ಮಗಳ ಕಡೆ ತಿರುಗಿದರು. "ಬಾಗಿಲು ತೆಗೆದಿರಬೇಕು, ಗಿರಾಕಿ ಹೊಡೀತಿರಬೇಕು. ಗಿರಾಕಿ ಇಲ್ಲದೆ ನಡೆದ ಹಾಗಲ್ಲ."

"ಇವತ್ತೇ ತೆಗೀತೀನಿ," ಎಂದಳು ಮಗಳು.

ಹೊರಗಿದ್ದವರೆಲ್ಲ ಒಮ್ಮೆಗೇ ಅವಳ ಕಡೆ ನೋಡಿದರು.

"ಥೂ!" ಎಂದ ಚಿಕ್ಕಪ್ಪ. "ಅಪ್ಪನ್ನ ಮಣ್ಣು ಮಾಡಿದ ದಿನಾನೇ ಬಾತುಕೋಳಿ ಆಡಿಸ್ತೀಯಾ? ಜನ ಮುಖಕ್ಕೆ ಉಗೀತಾರೆ. ಸ್ವಲ್ಪನಾದ್ರೂ ಮರ್ಯಾದೆ ಬೇಡ್ವಾ?"

"ಅವನ ಜೇಬಿಗೆ ಕೈ ಹಾಕಿದೋನು ಮರ್ಯಾದೆ ಹೇಳಿಕೊಡ್ತಿದಾನೆ," ಎಂದ ಕ್ಷೌರಿಕ, ಯಾರಿಗೂ ಅಲ್ಲದ ಹಾಗೆ.

*

ಮೂರು ಗಂಟೆಗೆ ಮಣ್ಣಾಯಿತು. ನಾಲ್ಕೂವರೆಗೆ ಅವಳು ಬೀಗ ತೆಗೆದು, ಸರಪಳಿ ಎಳೆದು, ಮೊದಲ ರೈಫಲನ್ನು ಹಲಗೆಯ ಮೇಲಿಟ್ಟಳು. ಚಾದರ ತೆಗೆದು ಬಾತುಗಳ ಧೂಳು ಒರೆಸಿದಳು. ಸ್ಮಶಾನದಿಂದ ಹಿಂದಿರುಗಿದ ಮೂವತ್ತು ಮಂದಿ ಬೀದಿಯಲ್ಲೇ ಗುಂಪುಗುಂಪಾಗಿ ನಿಂತಿದ್ದರು. ಒಬ್ಬರೂ ಮೆಟ್ಟಿಲು ಹತ್ತಲಿಲ್ಲ.

ಕ್ಷೌರಿಕ ಬಂದು ರೈಫಲ್ ಹಿಡಿದ. ತನ್ನ ಕೈಯನ್ನೇ ನೋಡಿಕೊಂಡ. "ಬೆಳಿಗ್ಗೆ ಇದೇ ಕೈಯಲ್ಲಿ ಅವನ ಗಡ್ಡ ಕೆರೆದೆ ಕಣಮ್ಮ. ಆಗಲ್ಲ." ಕೆಳಗಿಟ್ಟು ಹೋಗಿ ತನ್ನ ಅಂಗಡಿಯಲ್ಲಿ ಕೂತ.

ಐದಾಯಿತು. ಐದೂಕಾಲಾಯಿತು. ಕಾರ್ಯದರ್ಶಿಯ ಕಾರು ಮೊದಲೇ ಬಂದು ಡಿಕ್ಕಿ ತೆರೆದು ನಿಂತಿತು. ಒಳಗೆ ಹಾಸಲು ಕಂಬಳಿ ತಂದಿದ್ದರು. ಗುಮಾಸ್ತರು ಕೈಗಡಿಯಾರ ನೋಡಿಕೊಂಡರು. ಅವಳು ಹಲಗೆಯ ಹಿಂದೆ ನಿಂತೇ ಇದ್ದಳು.

ಐದೂವರೆಗೆ ಹೆಣದ ಗಾಡಿಯ ಡ್ರೈವರ್ ಬಂದ. ಹಲಗೆಯಿಂದ ಪೆಟ್ಟಿಗೆ ಇಳಿಸಿದ ಹಗ್ಗವನ್ನು ಇಲ್ಲೇ ಮರೆತು ಹೋಗಿದ್ದನಂತೆ. ಹಗ್ಗವನ್ನು ಹೆಗಲಿಗೆ ಹಾಕಿಕೊಂಡವನು ಬಾತುಗಳನ್ನು ನೋಡಿ ನಿಂತ.

"ತೆಗೆದಿದೀರಾ ಅಕ್ಕಾ?"

"ತೆಗೆದಿದೀನಿ."

"ಹಾಗಾದ್ರೆ ಒಂದು ಸುತ್ತು ಕೊಡಿ. ಈ ಕೆಲಸಕ್ಕೆ ಸೇರಿದ ಮೇಲೆ ಒಂದಾಟ ಆಡಿಲ್ಲ."

ಅವಳು ಗುಂಡು ತುಂಬಿ ಕೊಟ್ಟು, ಗೋಡೆಯ ಹಿಡಿಕೆ ತಿರುಗಿಸಿದಳು. ಬಾತುಗಳು ಹೊರಟವು. ಅವನು ಹೊಡೆದ. ಟಣ್ಣೆಂದು ಒಂದು ಬಿತ್ತು. ಮತ್ತೊಂದು ಬಿತ್ತು. ಗುಮಾಸ್ತರು ಪುಸ್ತಕ ತೆಗೆದು ಗಂಟೆ ಬರೆದುಕೊಂಡರು.

ಬೀದಿಯ ಗುಂಪು ಸಡಿಲಾಯಿತು. ಐದನೆಯ ಬಾತು ಬಿದ್ದಾಗ ಯಾರೋ "ಭಲೇ!" ಎಂದರು. ಎಂಟನೆಯದಕ್ಕೆ ಚಪ್ಪಾಳೆ ಬಿತ್ತು. ಡ್ರೈವರ್ ರೈಫಲ್ ಕೆಳಗಿಡುವಷ್ಟರಲ್ಲಿ ಇಬ್ಬರು ಮೆಟ್ಟಿಲ ಮೇಲಿದ್ದರು.

"ಅವರ ನೆನಪಿಗೆ ಒಂದು ಸುತ್ತು," ಎಂದ ಮೊದಲನೆಯವನು.

"ನೆನಪಿಗೇ ತಾನೆ, ತಪ್ಪೇನು," ಎಂದ ಎರಡನೆಯವನು.

ಕಾರ್ಯದರ್ಶಿಯ ಕಾರಿನ ಡಿಕ್ಕಿ ಮುಚ್ಚಿತು. ಕಾರು ಹೊರಡಲು ದಾರಿಯಿರಲಿಲ್ಲ; ಗಿರಾಕಿಗಳ ಸಾಲು ಅದರ ಮುಂದಿನಿಂದಲೇ ಹಾದುಹೋಗಿತ್ತು. ಹಾರನ್ ಹೊಡೆದರೂ ಯಾರೂ ತಿರುಗಿ ನೋಡಲಿಲ್ಲ. ಸಾಲಿನಲ್ಲಿ ಏಳನೆಯವನಾಗಿ ಚಿಕ್ಕಪ್ಪ ನಿಂತಿದ್ದ.

ಅವನ ಸರದಿ ಬಂದಾಗ ಆರಕ್ಕೆ ಐದು ನಿಮಿಷವಿತ್ತು. ಅವಳು ಅವನನ್ನು ನೋಡಿದಳು. ಆಮೇಲೆ ಗುಮಾಸ್ತರನ್ನು, ಅವರ ಪುಸ್ತಕವನ್ನು ನೋಡಿದಳು. ಗುಂಡು ತುಂಬಿ ರೈಫಲ್ ಅವನ ಕೈಗಿಟ್ಟಳು.

"ಹತ್ತಾದ್ರೂ ಬೀಳಿಸ್ತೀನಿ ನೋಡು," ಎಂದ ಅವನು. ಹಲಗೆಯ ಮೇಲೆ ಪೆಟ್ಟಿಗೆಯಿಂದ ಉದುರಿದ ಎಸಳುಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಅವನ್ನು ಉಗುರಿನಿಂದ ಕೆರೆದು ಪಕ್ಕಕ್ಕೆ ತಳ್ಳಿ ಮೊಣಕೈಗೆ ಜಾಗ ಮಾಡಿಕೊಂಡ. ಒಂದು ಕಣ್ಣು ಮುಚ್ಚಿದ. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಹೊರಬಂದು ನಿಂತಿತು.

"ತಿರುಗಿಸಮ್ಮ," ಎಂದ, "ಸ್ವಲ್ಪ ನಿಧಾನ."

ಅವಳು ಹಿಡಿಕೆ ಹಿಡಿದು ನಿಧಾನವಾಗಿ ತಿರುಗಿಸತೊಡಗಿದಳು.