ಗಾದಿ ಬಿಚ್ಚುವ ಮುನ್ನ

ಅಳವಂಡಿಯಲ್ಲಿ ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ಹೊಲಿಯುವ ಉಮರಸಾಬ ಒಂದು ಕ್ರಮ ಬಿಟ್ಟವನಲ್ಲ. ಮನೆಯೊಡತಿಯ ಕಣ್ಣೆದುರೇ ಹಳೆಯ ಗಾದಿಯ ಹೊಲಿಗೆ ಬಿಚ್ಚಿ, "ಕೈ ಹಾಕಿ ನೋಡ್ರಿ ಅವ್ವಾ. ನೀವು ಹೂಂ ಅಂದ್ರ ಹಿಂಜತೀನಿ" ಅನ್ನುವನು. ಅದು ಅಪ್ಪನಿಂದ ಬಂದದ್ದು. ಬೀಡಿಯೂ ಅಪ್ಪನಿಂದಲೇ ಬಂತು; ಅದಕ್ಕೀಗ ನಲವತ್ತು ವರ್ಷ.

ಕೆಮ್ಮಿಲ್ಲ, ದಮ್ಮಿಲ್ಲ. ಆದರೂ ಹೆಂಡತಿ ಕಾಸೀಮಬೀ ಕೊಪ್ಪಳದ ದವಾಖಾನೆಗೆ ಎಳೆತಂದಿದ್ದಳು. ಬಹಳ ಬೀಡಿ ಸೇದಿದವರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದ್ದರೆ ಮೊದಲೇ ಹುಡುಕುವ ಸ್ಕ್ಯಾನ್ ಇದೆಯೆಂದು ಕೇಳಿದ್ದಳು.

ಡಾಕ್ಟರ್ ವಿಜಯಲಕ್ಷ್ಮಿ ಒಪ್ಪಿಗೆಯ ಕಾಗದ ತೆಗೆದರೋ ಇಲ್ಲವೋ, ಉಮರಸಾಬ ಹೆಬ್ಬೆರಳನ್ನು ಮಸಿಗೆ ಒತ್ತಿಬಿಟ್ಟ. "ಎಲ್ಲಿ ಒತ್ತಲಿ?"

ಅವರು ಕಾಗದ ಹಿಂದಕ್ಕೆಳೆದರು. "ತಡೀರಿ ಕಾಕಾ. ಮೊದಲ ಕೇಳ್ರಿ, ಆಮ್ಯಾಲ ಹೆಬ್ಬಟ್ಟು."

"ನೀವು ಓದಿದವ್ರು. ನನಗೇನು ತಿಳಿತೈತಿ?"

"ಊರಾಗಿನ ಗಾದಿ ಹೊಟ್ಟಿ ಎಲ್ಲಾ ಬಲ್ಲವ್ರು," ಕಾಸೀಮಬೀ ಚುಚ್ಚಿದಳು, "ತಮ್ಮ ಎದಿ ಮಾತ್ರ ಕಣ್ಣು ಮುಚ್ಚಿ ಕೊಡ್ತಾರ!"

ಡಾಕ್ಟರ್ ಯಾರದೋ ಸ್ಕ್ಯಾನಿನ ಚಿತ್ರ ತೋರಿಸಿದರು. ಕತ್ತಲೆಯಲ್ಲಿ ಹಿಂಜಿಟ್ಟ ಅರಳೆಯ ಎಳೆಗಳಂತೆ ಬಿಳಿ ಕವಲುಗಳು. ನಡುವೆ ಒಂದು ಕಾಳು.

"ಇಂಥಾ ಕಾಳು ಭಾಳ ಮಂದಿಗೆ ಕಾಣ್ತಾವ. ಹೆಚ್ಚಿನವು ಬರೇ ಕಲೆ, ಟೀಬಿ ಬಂದು ಹೋದ ಗುರುತೂ ಇರಬಹುದು. ಖಾತ್ರಿ ಆಗೂತನಕ ಮತ್ತ ಸ್ಕ್ಯಾನು, ಒಮ್ಮೊಮ್ಮೆ ಸೂಜಿ ಹಾಕಿ ಚೂರು ತಗದು ನೋಡೂದು, ಅಂಜಿಕಿ. ಆದರ ಕೆಟ್ಟದ್ದು ಸಣ್ಣದಿದ್ದಾಗ ಸಿಕ್ಕರ ಜೀವ ಉಳಿಯೂದುಂಟು. ಸ್ಕ್ಯಾನಿನ ಕಣ್ಣು ತಪ್ಪಿಸೂದೂ ಉಂಟು. ಒಮ್ಮೆ ಮಾಡಿಸಿದ್ರ ಮುಗೀಲಿಲ್ಲ, ವರ್ಷಕ್ಕೊಮ್ಮೆ ಬರಬೇಕು. ಮಾಡಿಸ್ರಿ, ಬಿಡ್ರಿ, ಬೀಡಿ ಬಿಡೂದು ಮಾತ್ರ ಬೇಕ ಬೇಕು. ಈಗ ನೀವು ಹೇಳ್ರಿ."

ಉಮರಸಾಬನ ಮಸಿಯ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಇಷ್ಟು ಓದಿದ ಹೆಣ್ಣುಮಗಳು ತನ್ನೆದುರು ಹೊಲಿಗೆ ಬಿಚ್ಚಿಟ್ಟು, ಕೈ ಹಾಕಿ ನೋಡು ಅನ್ನುತ್ತಿದ್ದಾಳೆ! ಮತ್ತೆ ಆ ಚಿತ್ರ ನೋಡಿದ. ಇಂಥವೇ ಎರಡು ಶ್ವಾಸಕೋಶ ತನ್ನೊಳಗೂ ಅರವತ್ತು ವರ್ಷದಿಂದ ಅರಳಿ ಮುದುಡುತ್ತಿವೆ. ಒಂದು ದಿನವಾದರೂ ತಾನು ವಿಚಾರಿಸಿದವನಲ್ಲ.

"ಯಾವ ಬಿಲ್ಲಿಲೆ ಇದನ್ನ ಹಿಂಜ್ಯಾನೋ ಮ್ಯಾಲಿನ ಮಾಲಿಕ," ಎಂದ ಮೆಲ್ಲಗೆ. ಆಮೇಲೆ ಕೇಳಿದ: "ಕೆಟ್ಟದ್ದು ಸಿಕ್ಕರ, ಕೊಯ್ದು ತಗಿಯಾಕ ನನ್ನ ಮೈ ತಡೀತೈತೇನ್ರಿ?"

"ಈಗ ನೋಡಿದ ಮಟ್ಟಿಗೆ ತಡೀತೈತಿ. ಛಲೋ ಕೇಳಿದ್ರಿ."

"ಬರೇ ಕಲೆ ಇದ್ದರ, ಅಂಜಿ ಗಾದಿ ಎಲ್ಲಾ ಹರೀಬಾರದು. ಕಾದು ನೋಡಬೇಕು. ಹೌದಲ್ರಿ?"

"ಹೌದು ಕಾಕಾ."

ಅವನು ಕಾಸೀಮಬೀಯತ್ತ ತಿರುಗಿದ. ಅವಳು ಅಂಗೈ ಚಾಚಿದಳು. ಜೇಬಿನ ಬೀಡಿ ಕಟ್ಟು ಅಲ್ಲಿಗೆ ಹೋಯಿತು.

"ಹೂಂ," ಎಂದ ಉಮರಸಾಬ. ಜನ್ಮವಿಡೀ ಬೇರೆಯವರ ಬಾಯಿಂದ ಕಾದು ಕೇಳಿದ ಮಾತು. ಮಸಿ ಒಣಗಿತ್ತು, ಹೆಬ್ಬೆರಳನ್ನು ಮತ್ತೊಮ್ಮೆ ಅದ್ದಿದ.

ಯಂತ್ರದೊಳಗೆ ಮಲಗಿದಾಗ ಆಚೆಯಿಂದ ದನಿ ಬಂತು: "ಉಸಿರು ತಗೊಂಡು ಹಿಡೀರಿ."

ಎದೆ ತುಂಬ ಎಳೆದುಕೊಂಡ. ಆ ಉಸಿರು ತನ್ನದಲ್ಲ, ಮೇಲಿನ ಒಡೆಯ ನಂಬಿ ಒಪ್ಪಿಸಿದ ಅಮಾನತ್ತು ಅನ್ನಿಸಿತು. ಯಾರದೋ ಮನೆಯ ಗಾದಿ ಹೊತ್ತವನಂತೆ, ಅಲುಗದೆ, ಜೋಪಾನವಾಗಿ ಹಿಡಿದುಕೊಂಡ.