ಸೊಂಡಿಲಿಲ್ಲದ ಆನೆ

"ಹುಣಸೆಹಣ್ಣು ಹಾಕಿ ತಿಕ್ಕು ಅಂತ ನಿಂಗೆ ಯಾರು ಹೇಳಿದ್ದು ಅತ್ತಿಗೆ? ನಿನ್ನ ಕೈ ಸೇದಿಹೋಗ್ಲಿ."

ಶಂಕರಿ ಅಂಗಳದ ನಡುವೆ ನಿಂತಿದ್ದಳು. ಅಂಕೋಲೆಯಿಂದ ನಸುಕಿಗೇ ಹೊರಟು ನಡೆದು ಬಂದವಳು, ಇನ್ನೂ ಕಾಲು ತೊಳೆದಿರಲಿಲ್ಲ. ಅವಳಿಗಾಗಿಯೇ ಬಿಣಗಾ ಊರಿನ ಆ ತವರು ಗುಡಿಸಲಿನ ಮುಂದೆ ಹೆತ್ತ ಅವ್ವಿ ನಾಗಿಯ ಹೆಣ ಮಧ್ಯಾಹ್ನದ ತನಕ ಕಾದಿತ್ತು. ಹಣೆಯ ಗಂಧದಲ್ಲಿ ಒಂದು ತಾಮ್ರದ ಕಾಸು ಹೊಸ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

"ಸತ್ತವಳ ಹಣೆಗೆ ಮಸಿ ಹಿಡಿದ ಕಾಸು ಅಂಟಿಸ್ಲಾ?" ಅತ್ತಿಗೆ ಗಂಗೆ ಅಳುತ್ತಲೇ ಕೇಳಿದಳು.

"ಅವಳನ್ನ ಎಂತಕ್ಕೆ ಬೈತೆ? ಹೇಳಿದ್ದು ನಾನು." ಹೊನ್ನನಿಗೆ ತಂಗಿಯ ಮೇಲೆ ಮೈಯೆಲ್ಲ ಉರಿಯಿತು. "ಅವ್ವಿ ಜನ್ಮಪೂರ್ತಿ ಕಂಡವರ ಪಾತ್ರೆ ಬೆಳಗಿದ್ಲು. ಕಪ್ಪು ಕಾಸು ಇಟ್ಟು ಕಳಿಸೂಕೆ ನಂಗೆ ಮನಸಾಗ್ಲಿಲ್ಲ."

"ಅದು ಅವ್ವಿ ಕಾಸಲ್ಲ. ವಕೀಲರದ್ದು."

ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಮುದುಕ ಬೀರಾನ ಕೈ ನಿಂತಿತು. "ಕದ್ದದ್ದಾ?" ಎಂದು ಮೆಲ್ಲಗೆ ಕೇಳಿದ.

"ಕದ್ದದ್ದಲ್ಲ ಬೀರಜ್ಜ. ತಿಕ್ಕಿದ್ದು."

*

ಎಂಟು ವರ್ಷದ ಹಿಂದಿನ ಮಾತು. ಅಂಕೋಲೆಯಲ್ಲಿ ಜನ ಉಪ್ಪು ಮಾಡಿ ಜೈಲಿಗೆ ಹೋದ ವರ್ಷ ಅದು. ನಾಗಿ ಕಾರವಾರದ ಒಬ್ಬ ವಕೀಲರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವಳು ಬೆಳಗಿದ ಹಂಡೆಯಲ್ಲಿ ಮುಖ ನೋಡಿ ಕುಂಕುಮ ಇಟ್ಟುಕೊಳ್ಳಬಹುದು ಎಂದು ವಕೀಲರ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು.

ವಕೀಲರಿಗೆ ಹಳೆಯ ನಾಣ್ಯ ಕೂಡಿಡುವ ಹುಚ್ಚು. ಒಂದು ದಿನ ಮೇಜಿನ ಮೇಲಿದ್ದ ಆನೆಯ ಅಚ್ಚಿದ್ದ ಕರ್ರಗಿನ ಆನೆಕಾಸೊಂದು ನಾಗಿಯ ಕಣ್ಣಿಗೆ ಬಿತ್ತು. ಯಾರೂ ಹೇಳದಿದ್ದರೂ ಬಾವಿಕಟ್ಟೆಗೆ ಒಯ್ದು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಗಸಗಸ ತಿಕ್ಕಿದಳು. ಶಾಭಾಸ್ ಅಂದಾರು ಎಂದು ನಗುತ್ತ ತಂದು ಕೊಟ್ಟಳು.

ವಕೀಲರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಸನ್ನು ಕಿಟಕಿಯ ಬೆಳಕಿಗೆ ಹಿಡಿದು, "ಆ ಕಪ್ಪೇ ಇದರ ಚರ್ಮ, ನಾಗಿ. ನೂರು ವರ್ಷ ಬೆಳೆದದ್ದನ್ನು ಸುಲಿದುಬಿಟ್ಟೆ. ಸೊಂಡಿಲೂ ಸವೆದುಹೋಯಿತು. ಮಣ್ಣು ಹತ್ತಿದ್ದರೆ ಬರೀ ನೀರಿನಲ್ಲಿ ಅದ್ದಿ, ಮೆತ್ತನೆ ಬಟ್ಟೆಯಲ್ಲಿ ಒತ್ತಬೇಕು. ತಿಕ್ಕಬಾರದು. ಇದಿನ್ನು ನನಗೆ ಬೇಡ, ನೀನೇ ಇಟ್ಟುಕೋ" ಎಂದರು.

ಮರುದಿನದಿಂದ ನಾಗಿ ಆ ಮನೆಗೆ ಹೋಗದೆ ಗದ್ದೆ ಕೂಲಿಗೆ ಇಳಿದಳು. ಕಾಸು ಒಲೆಯ ಮೇಲಿನ ಗೂಡಿನಲ್ಲಿ ಕೂತಿತು. ವರ್ಷಕ್ಕೊಮ್ಮೆ ನೀರಿನಲ್ಲಿ ಅದ್ದಿ ಹಳೆಯ ಸೀರೆಯ ತುಂಡಿನಲ್ಲಿ ಒತ್ತುತ್ತಿದ್ದಳು. ಒಮ್ಮೆ ಹೊನ್ನ ಅದನ್ನು ಪಂಚೆಗೆ ಉಜ್ಜಿದಾಗ ಕಿತ್ತುಕೊಂಡು ದಿನವಿಡೀ ಮಾತು ಬಿಟ್ಟಿದ್ದಳು. ಮುದುಕಿಗೆ ಒಂದು ಕಾಸಿನ ಮೇಲೂ ಆಸೆ ಎಂದುಕೊಂಡಿದ್ದ ಹೊನ್ನ.

*

"ಹೋದ ತಿಂಗಳು ನಂಗೆ ತೋರಿಸಿದ್ಲು," ಶಂಕರಿ ಹೇಳಿದಳು. "ಮೊದಲಿನ ಹಾಂಗೇ ಕಪ್ಪಾಯ್ತು, ದೀಪಾವಳಿ ಕಳೆದ ಮೇಲೆ ವಕೀಲರ ಕೈಯಾಗೆ ಕೊಟ್ಟು ಬತ್ತೆ ಅಂದಿದ್ಲು. ಎಂಟು ವರ್ಷ ಕಾದಿದ್ಲು ಅಣ್ಣ."

"ನಂಗೆ ಎಂತಕ್ಕೆ ಹೇಳ್ಲಿಲ್ಲ?"

"ನೀನು ನಗ್ತೆ ಅಂತ."



"ಆದದ್ದು ಆಯ್ತು," ಬೀರಾ ಎದ್ದ. "ಹೊತ್ತು ಇಳೀತು. ಕಾಸು ಅವಳ ಸಂಗಡವೇ ಹೋಗ್ಲಿ. ಹೆಣ ಎತ್ತಿ."

ಶಂಕರಿ ಬಗ್ಗಿ ಅವ್ವಿಯ ಹಣೆಯಿಂದ ಕಾಸನ್ನು ಕಿತ್ತಳು. ಹೆಂಗಸರ ಅಳು ತಟ್ಟನೆ ನಿಂತಿತು.

"ಇಡು ಅಲ್ಲಿ," ಎಂದ ಹೊನ್ನ. "ಹೆಣದ ಹಣೆಗೆ ಕೈ ಹಾಕ್ತೆಯಾ? ಅದನ್ನ ತಕಂಡು ಹೋದ್ರೆ ಈ ಮನೆ ಬಾಗಿಲು ನಿಂಗೆ ಇಲ್ಲ."

"ಬೇಡ. ನನ್ನ ಮನೇಲೂ ಒಲೆ ಅದೆ, ಗೂಡು ಅದೆ. ಮತ್ತೆ ಕಪ್ಪಾಗ್ಲಿ."

ಗಂಧವನ್ನೂ ಒರೆಸದೆ ಕಾಸನ್ನು ಸೆರಗಿಗೆ ಕಟ್ಟಿಕೊಂಡು ಅವಳು ಬೇಲಿಯ ದಣಪೆ ದಾಟಿದಳು. ಗೇರುಮರದ ತಿರುವಿನಲ್ಲಾದರೂ ನಿಂತಾಳು ಎಂದು ಎಲ್ಲರೂ ನೋಡಿದರು. ನಿಲ್ಲಲಿಲ್ಲ. ಬೀರಾ ಎರಡು ಸಲ ಎಲೆಯಡಿಕೆ ಹಾಕಿ ಮುಗಿಸಿದರೂ ತಿರುಗಿ ಬರಲಿಲ್ಲ.

ಗಂಗೆ ಒಳಗಿನಿಂದ ರಾಜನ ತಲೆಯ ಅಚ್ಚಿದ್ದ ಬೇರೆ ಕಾಸೊಂದನ್ನು ತಂದಳು. ಹೊನ್ನ ಅವಳ ಕೈಯನ್ನು ಸರಿಸಿ ಅವ್ವಿಯ ಮುಖದ ಮೇಲೆ ಬಗ್ಗಿದ. ಹಣೆಯ ಗಂಧ ಒಣಗತೊಡಗಿತ್ತು. ಅದರ ನಡುವೆ ದುಂಡನೆಯ ಗುರುತು. ಗುರುತಿನೊಳಗೆ ಆನೆಯ ಬೆನ್ನು, ನಾಲ್ಕು ಕಾಲು. ಸೊಂಡಿಲು ಇರಬೇಕಾದಲ್ಲಿ ಬರೀ ನುಣುಪು.